ಗಟಾರು ಸೇರುವ ಕೊಡದ ನೀರು

ನಿನ್ನೆ ಮುಂಡರಗಿ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಹೆಣ್ಣುಮಕ್ಕಳು ಕೊಡ ಹಿಡಿದು ಬಿಸಿಲಲ್ಲಿ ಸರದಿ ಕಾಯುತ್ತಿದ್ದರೆ, ಹಿಂಬದಿಯ ಪೈಪಿನಿಂದ ನಲ್ಲಿಯ ಧಾರೆಯಷ್ಟೇ ದಪ್ಪದ ಧಾರೆ ಗಟಾರಿಗೆ ಬೀಳುತ್ತಿತ್ತು. ಅದನ್ನು ಕಂಡು ಬಂದ ಸಿಟ್ಟು ಧಾರವಾಡಕ್ಕೆ ಮರಳಿದ ಮೇಲೂ ಇಳಿದಿಲ್ಲ.

ನಮ್ಮ ಬೋರ್‌ವೆಲ್ ನೀರಿನ ಪೀಡೆ ಫ್ಲೋರೈಡ್ ಎಂಬುದು ನಿಮಗೆಲ್ಲ ಗೊತ್ತು. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಾನಕ. ತೆಗೆಯಬೇಕಾದದ್ದು ಲೀಟರಿನಲ್ಲಿ ಕೆಲವೇ ಮಿಲಿಗ್ರಾಂ. ಅಷ್ಟಕ್ಕಾಗಿ ಘಟಕದ ಆರ್‌ಒ ಯಂತ್ರ ನೀರನ್ನೆಲ್ಲ ಒತ್ತಡದಿಂದ ಪೊರೆಗೆ ನೂಕಿ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಕಳೆದು, ಪೊರೆ ದಾಟದೆ ಉಳಿದ ನೀರನ್ನು ಹೊರಚೆಲ್ಲುತ್ತದೆ. ಕಾಳಿನಲ್ಲಿ ಹರಳಿದ್ದರೆ ನಮ್ಮ ತಾಯಂದಿರು ಹರಳನ್ನು ಆರಿಸುತ್ತಾರೆಯೇ ಹೊರತು ಅರ್ಧ ಮೊರ ಕಾಳನ್ನು ತಿಪ್ಪೆಗೆ ಸುರಿಯುವುದಿಲ್ಲ.

ಹರಳನ್ನಷ್ಟೇ ಆರಿಸುವ ದಾರಿಯೊಂದಿದೆ; ಕೆಪ್ಯಾಸಿಟಿವ್ ಡಿಅಯಾನೈಸೇಶನ್ ಎಂದು ಅದರ ಹೆಸರು. ಇಂಗಾಲದ ಎರಡು ವಿದ್ಯುದ್ವಾರಗಳ (ಎಲೆಕ್ಟ್ರೋಡ್‌ಗಳ) ನಡುವೆ ನೀರು ಹರಿಸಿ, ನೀರೇ ಒಡೆಯದಂತೆ ಸುಮಾರು 1.2 ವೋಲ್ಟ್ ಕೊಟ್ಟರೆ, ಫ್ಲೋರೈಡಿನಂಥ ಋಣ ಅಯಾನುಗಳು, ಅಂದರೆ ಋಣ ವಿದ್ಯುದಾವೇಶದ ಕಣಗಳು, ಧನ ವಿದ್ಯುದ್ವಾರದ ರಂಧ್ರಗಳಿಗೂ ಧನ ಅಯಾನುಗಳು ಇನ್ನೊಂದರ ರಂಧ್ರಗಳಿಗೂ ಸೇರಿಕೊಳ್ಳುತ್ತವೆ. ಒಂದು ಗ್ರಾಂ ಕ್ರಿಯಾಶೀಲ ಇಂಗಾಲದ ಒಳಮೈ 1000 ಚದರ ಮೀಟರ್ ಮೀರಬಲ್ಲದು, ಅಂದರೆ ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ ಹೊಲ! ರಂಧ್ರಗಳು ತುಂಬಿದಾಗ ವೋಲ್ಟೇಜ್ ತೆಗೆದರೆ ಅಯಾನುಗಳು ಸ್ವಲ್ಪ ನೀರಿನೊಡನೆ ಹೊರಬರುತ್ತವೆ; ವಿದ್ಯುತ್ತಿನ ಒಂದು ಪಾಲನ್ನೂ ಮರಳಿ ಪಡೆಯಬಹುದು.

ಬರಿಯ ಇಂಗಾಲ ಫ್ಲೋರೈಡನ್ನೇ ಹುಡುಕಿ ಹಿಡಿಯುವುದಿಲ್ಲ, ನಿಜ. ಫ್ಲೋರೈಡ್ ತನ್ನ ಸುತ್ತಲಿನ ನೀರಿನ ಕಣಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ, ಸಡಿಲ ಹಿಡಿತದ ನೈಟ್ರೇಟ್ ಅದಕ್ಕಿಂತ ಮೊದಲು ರಂಧ್ರ ಹೊಗುತ್ತದೆ. ಆದ್ದರಿಂದಲೇ ಸಂಶೋಧಕರು ಇಂಗಾಲದೊಡನೆ ಹೈಡ್ರಾಕ್ಸಿಅಪಟೈಟ್ ಬೆರೆಸಿ ನೋಡಿದ್ದಾರೆ. ನಮ್ಮ ಎಲುಬು, ಹಲ್ಲುಗಳ ಖನಿಜ ಅದೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ಸೆಳೆತದಿಂದ ಫ್ಲೋರೈಡ್ ನಮ್ಮಣ್ಣನ ಎಲುಬುಗಳನ್ನು ಹೊಕ್ಕು ಅವನನ್ನು ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣಲಾರದಂತೆ ಮಾಡಿತೋ, ಅದೇ ಸೆಳೆತವನ್ನು ಯಂತ್ರದೊಳಗೆ ಕಟ್ಟಿ ನೀರನ್ನು ಕಾಯಬಹುದಿತ್ತು.

ಇದು ಪ್ರಯೋಗಾಲಯದ ಮಾತು, ಧನ ವಿದ್ಯುದ್ವಾರದ ಇಂಗಾಲ ಕಾಲಕ್ರಮೇಣ ಆಕ್ಸಿಡೀಕರಣಗೊಂಡು ಸೊರಗುತ್ತದೆ ಎಂದು ಎಂಜಿನಿಯರ್ ಗೆಳೆಯನೊಬ್ಬ ವಾದಿಸಿದ. ಸೊರಗಲಿ. ನಮ್ಮ ಗಡಸು ನೀರಿಗೆ ಆರ್‌ಒ ಪೊರೆ ಕಟ್ಟಿಕೊಳ್ಳುವುದಿಲ್ಲವೇ? ಹೊಸ ಪೊರೆ ಬರುವತನಕ ನಮ್ಮೂರ ಘಟಕಕ್ಕೆ ತಿಂಗಳುಗಟ್ಟಲೆ ಬೀಗ ಬಿದ್ದಿರಲಿಲ್ಲವೇ? ತುಂಗಭದ್ರೆಯ ನೀರು ಬರುತ್ತದಲ್ಲ ಎಂದೂ ಅವನು ಹೇಳಿದ. ನಿತ್ಯ ಬಂದಿದ್ದರೆ ಆ ಸಾಲು ಬಿಸಿಲಲ್ಲಿ ನಿಲ್ಲುತ್ತಿರಲಿಲ್ಲ.

ಗಟಾರಿಗೆ ಹೋಗುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಸಾಂದ್ರವಾಗಿರುತ್ತದೆ, ಮತ್ತು ಆ ಗಟಾರು ನಮ್ಮೂರ ನೆಲದಲ್ಲಿಯೇ ಇಂಗುತ್ತದೆ. ಬೋರ್‌ವೆಲ್ಲಿನದೊಂದು, ಹಿಂಬದಿಯ ಪೈಪಿನದೊಂದು, ಎರಡು ಬಾಟಲಿ ನೀರು ತಂದಿದ್ದೇನೆ. ಸೋಮವಾರ ಪರೀಕ್ಷೆಗೆ ಕೊಡುತ್ತೇನೆ; ಅಂಕಿ ಕೈಗೆ ಬಂದ ದಿನ ಗ್ರಾಮಸಭೆಯಲ್ಲಿ ಓದುತ್ತೇನೆ.