ಸೊಪ್ಪು ಬಿಟ್ಟರೆ ಬೊಜ್ಜು ಕರಗುವುದಿಲ್ಲ

ಅಣ್ಣನ ಮಗಳು ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಚಾರ್ಟ್ ಕಳಿಸಿದಳು. ಬೆಂಗಳೂರಿನಲ್ಲಿ ಕೆಲಸ ಅವಳಿಗೆ, ದಿನವಿಡೀ ಕೂತೇ ಇರಬೇಕು. ನಾಲ್ಕು ತಿಂಗಳಿಂದ ಲೋ ಕಾರ್ಬ್ ಊಟ, ಅಂದರೆ ಅನ್ನ, ಮುದ್ದೆ, ಸಕ್ಕರೆಯಲ್ಲಿರುವಂಥ ಪಿಷ್ಟ, ಸಿಹಿ ಕಡಿಮೆ ಮಾಡಿದ ಊಟ ಮಾಡುತ್ತಿದ್ದಾಳೆ. ಮೊದಲ ಮೂರು ತಿಂಗಳಲ್ಲಿ ಆರು ಕೆಜಿ ಇಳಿಯಿತು, ಆಮೇಲೆ ನಿಂತುಹೋಯಿತು. ಚಾರ್ಟಿನಲ್ಲಿ ಬೆಳಿಗ್ಗೆ ಚೀಸ್ ಹಾಕಿದ ಆಮ್ಲೆಟ್, ಮಧ್ಯಾಹ್ನ ತುಪ್ಪದಲ್ಲಿ ಹುರಿದ ಪನೀರ್, ರಾತ್ರಿ ಚಿಕನ್. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಮೂರು ವಾರ ಯಾವ ತರಕಾರಿಯೂ ಬೇಡ, ಅದರಲ್ಲೂ ಕಾರ್ಬ್ ಇದೆ.’

“ಅತ್ತೆ, ನಾನೂ ಬಿಟ್ಬಿಡ್ಲಾ?” ಅಂತ ಕೇಳಿದ್ದಳು.

ಒಂದು ಸಾಲಿನಲ್ಲಿ ಉತ್ತರ ಬರೆಯಲು ನನಗೆ ಆಗಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ನಾನೇ ಬಿಟ್ಟಿದ್ದೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ. ಇಂಥ ಚಾರ್ಟು ನಿಮ್ಮಲ್ಲಿ ಕೆಲವರ ಫೋನಿಗೂ ಬಂದಿರುತ್ತದೆ.

ನನಗಾಗ 43 ವರ್ಷ. ಮೂರು ತಿಂಗಳ ಸರಾಸರಿ ಸಕ್ಕರೆಯ ಟೆಸ್ಟ್ ಮಾಡಿಸಿದಾಗ 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಡಯಾಬಿಟಿಸ್‌ನ ಹೊಸ್ತಿಲು ಅಂತ ಲೆಕ್ಕ. ಅಪ್ಪ ಅದೇ ಕಾಯಿಲೆಯಲ್ಲಿ ಕಾಲಿನ ಬೆರಳು ಕಳೆದುಕೊಂಡವರು. ಆ ಸಂಖ್ಯೆ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಅನ್ನ ಬಿಟ್ಟೆ. ಮುದ್ದೆ ಎರಡಿದ್ದದ್ದು ಅರ್ಧಕ್ಕೆ ಬಂತು. ಸಕ್ಕರೆ, ಬಿಸ್ಕತ್ತು, ಬನ್ನು ಎಲ್ಲ ನಿಲ್ಲಿಸಿದೆ. ಐದು ತಿಂಗಳಲ್ಲಿ 78 ಕೆಜಿಯಿಂದ 71ಕ್ಕೆ ಬಂದೆ. ಲೋ ಕಾರ್ಬ್ ನನಗೆ ಒಳ್ಳೆಯದನ್ನೇ ಮಾಡಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು ಲೋ ಕಾರ್ಬ್ ಮೇಲೆ ಅಲ್ಲ.

71ಕ್ಕೆ ಬಂದ ಮೇಲೆ ಏಳು ವಾರ ಮುಳ್ಳು ಅಲ್ಲಾಡಲಿಲ್ಲ. ದುಡ್ಡು ಕೊಟ್ಟು ಸೇರಿದ್ದ ಒಂದು ಗುಂಪಿನಲ್ಲಿ ಕೇಳಿದೆ. ಅಲ್ಲಿ ಸಲಹೆ ಕೊಡುವವರು, “ತರಕಾರಿ ತಿಂತಿದ್ದೀರಲ್ಲ ಮೇಡಂ, ಅದೇ ತಡೀತಿರೋದು” ಅಂದರು. ನಂಬಿದೆ. ಮಂಡ್ಯ ಕಡೆಯವಳು ನಾನು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ತಿಂದು ಬೆಳೆದವಳು. ದಂಟು, ಸಬ್ಬಸಿಗೆ, ಚಕೋತ, ಕಿರಕಸಾಲೆ, ಯಾವುದನ್ನೂ ಮನೆಗೆ ತರಲಿಲ್ಲ. ಊರಿಗೆ ಹೋದಾಗ ಅವ್ವ ತಟ್ಟೆಗೆ ಸೊಪ್ಪಿನ ಪಲ್ಯ ಹಾಕಲು ಬಂದರು, ಕೈ ಅಡ್ಡ ಹಿಡಿದೆ. “ಅಲ್ಲ ಕಣ್ ಮಗಾ, ಸೊಪ್ಪು ತಿಂದು ಯಾರಾದ್ರೂ ದಪ್ಪ ಆಗವ್ರಾ?” ಅಂದರು. ನಿಮಗೆ ಗೊತ್ತಾಗಲ್ಲ ಬಿಡವ್ವ ಅಂದೆ.

ಮೊದಲ ವಾರ 1.8 ಕೆಜಿ ಇಳಿಯಿತು. ಖುಷಿಯಲ್ಲಿ ಗುಂಪಿಗೆ ಫೋಟೋ ಹಾಕಿದೆ. ಎರಡನೇ ವಾರ ಏನೂ ಇಳಿಯಲಿಲ್ಲ. ಮೂರನೇ ವಾರವೂ ಇಲ್ಲ. ಹೊಕ್ಕುಳ ಮೇಲೆ ಟೇಪು ಹಿಡಿದರೆ ಮೊದಲೂ 37 ಇಂಚು, ಆಮೇಲೂ 37 ಇಂಚು. ಇದರ ಜೊತೆಗೆ ಮಲಬದ್ಧತೆ ಶುರುವಾಯಿತು. ಎರಡನೇ ಹೆರಿಗೆಯ ನಂತರ ಬಂದು ವಾಸಿಯಾಗಿದ್ದ ಮೂಲವ್ಯಾಧಿ ಮತ್ತೆ ಎದ್ದಿತು. ರಕ್ತ ಕಂಡ ದಿನ ನಿಲ್ಲಿಸಿದೆ. ತರಕಾರಿ ತಿನ್ನಲು ಶುರು ಮಾಡಿದ ಒಂದು ವಾರದಲ್ಲಿ ಆ ಒಂದೂ ಮುಕ್ಕಾಲು ಕೆಜಿ ವಾಪಸ್ ಬಂತು. ಸೊಂಟ ಮಾತ್ರ ಅಷ್ಟೇ ಇತ್ತು.

ಆಗ ನನಗೆ ಅರ್ಥವಾಗದೇ ಇದ್ದದ್ದು ಇದು. ಮುಳ್ಳು ಕೆಳಗಿಳಿದರೆ ಕೊಬ್ಬು ಕರಗಿತು ಅಂತ ಅಲ್ಲ. ತರಕಾರಿಯ ನಾರು ಕರುಳಿನಲ್ಲಿ ನೀರು ಹಿಡಿದುಕೊಂಡು ಇರುತ್ತದೆ. ನಾರು ನಿಂತರೆ ಕರುಳಿನಲ್ಲಿರುವ ಸರಕು ಕಡಿಮೆಯಾಗುತ್ತದೆ, ಅಷ್ಟು ತೂಕ ಕಡಿಮೆ ಕಾಣುತ್ತದೆ. ಇನ್ನೊಂದು, ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಕಾರ್ಬ್ ಇನ್ನಷ್ಟು ಇಳಿಸಿದಾಗ ಆ ದಾಸ್ತಾನು ಖಾಲಿಯಾಗಿ ನೀರು ಹೊರಗೆ ಹೋಗುತ್ತದೆ. ಕೀಟೋ, ಅಂದರೆ ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಊಟ ಶುರು ಮಾಡಿದವರಿಗೆ ಮೊದಲ ವಾರ ಎರಡು ಮೂರು ಕೆಜಿ ಹೋಗುವುದರಲ್ಲಿ ಬಹುಪಾಲು ಇದೇ. ಕೊಬ್ಬು ಅಷ್ಟು ಬೇಗ ಹೋಗುವ ವಸ್ತುವಲ್ಲ. ಒಂದು ಕೆಜಿ ಬೊಜ್ಜಿನಲ್ಲಿ ಸುಮಾರು 7700 ಕ್ಯಾಲೊರಿ ಕೂತಿರುತ್ತದೆ.

ಈಗ ಆ ಲೆಕ್ಕ ಹಿಡಿದು ತರಕಾರಿಯನ್ನು ನೋಡಿ. 100 ಗ್ರಾಂ ಹಸಿ ಹುರುಳಿಕಾಯಿಯಲ್ಲಿ ಸುಮಾರು 31 ಕ್ಯಾಲೊರಿ. ಕಾರ್ಬ್ 7 ಗ್ರಾಂ, ಅದರಲ್ಲೂ ಮೂರು ಗ್ರಾಂ ಹತ್ತಿರ ನಾರೇ. ಪಾಲಕ್‌ನಲ್ಲಿ 23 ಕ್ಯಾಲೊರಿ, ಕಾರ್ಬ್ 4 ಗ್ರಾಂ ಒಳಗೆ. ಎಲೆಕೋಸು, ಹೂಕೋಸಿನಲ್ಲಿ 25. ಸೋರೆಕಾಯಿ, ಸೌತೆಕಾಯಿಯಲ್ಲಿ 15ರ ಆಸುಪಾಸು. 100 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇರುತ್ತದೆ. ಅಷ್ಟು ಕಾರ್ಬನ್ನು ಸೋರೆಕಾಯಿಂದ ಪಡೆಯಬೇಕಾದರೆ ಎರಡು ಕೆಜಿ ಸೋರೆಕಾಯಿ ತಿನ್ನಬೇಕು. ದಿನಾ 200 ಗ್ರಾಂ ಹುರುಳಿಕಾಯಿ ಬಿಟ್ಟರೆ ಉಳಿಯುವುದು 60 ಕ್ಯಾಲೊರಿ. ಅದರ ಬದಲು ಬೇರೆ ಏನನ್ನೂ ತಿನ್ನದೇ ಇದ್ದರೆ ಒಂದು ಕೆಜಿ ಬೊಜ್ಜು ಹೋಗಲು ನಾಲ್ಕು ತಿಂಗಳು ಬೇಕು. ಆದರೆ ಬದಲು ತಿನ್ನದೇ ಇರಲು ಆಗುತ್ತದಾ?

ನನಗಂತೂ ಆಗಲಿಲ್ಲ. ತಟ್ಟೆಯಲ್ಲಿ ಪಲ್ಯ ಇಲ್ಲದಾಗ ಹೊಟ್ಟೆ ತುಂಬುತ್ತಿರಲಿಲ್ಲ. ಪನೀರ್ 100 ಗ್ರಾಂ ಇದ್ದದ್ದು 200 ಆಯಿತು. ಸಂಜೆ ಎರಡು ಹಿಡಿ ಹುರಿದ ಕಡಲೆಬೀಜ. 60 ಗ್ರಾಂ ಕಡಲೆಬೀಜ ಅಂದರೆ 340 ಕ್ಯಾಲೊರಿ. ಹುರುಳಿಕಾಯಿಯ 60 ಕ್ಯಾಲೊರಿಯ ಆರು ಪಟ್ಟಿಗೂ ಹತ್ತಿರ ಹತ್ತಿರ! ಹುರುಳಿಕಾಯಿ ಬಿಟ್ಟು ಉಳಿಸಿದ್ದನ್ನು ಸಂಜೆ ಒಂದು ಬಟ್ಟಲಲ್ಲಿ ಕಳೆದುಕೊಳ್ಳುತ್ತಿದ್ದೆ.

ಆಮೇಲೆ ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದೆ. ಎರಡು ವಾರ ಎಲ್ಲವನ್ನೂ ತೂಗಿ ಬರೆದಿಟ್ಟೆ. ಅಲ್ಲಿ ನನ್ನ ಕಣ್ಣು ತೆರೆಯಿತು. ಒಬ್ಬಳಿಗೆ ಅಂತ ಮಾಡುವ ಹುರುಳಿಕಾಯಿ ಪಲ್ಯದ ಒಗ್ಗರಣೆಗೆ ಕಣ್ಣಳತೆಯಲ್ಲಿ ಸುರಿಯುತ್ತಿದ್ದ ಎಣ್ಣೆ ಎರಡು ದೊಡ್ಡ ಚಮಚ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಮೇಲೆ ಉದುರಿಸುವ ಕಾಯಿತುರಿ 30 ಗ್ರಾಂ, ಅದು ನೂರು ಚಿಲ್ಲರೆ. ಅಂದರೆ 400 ಕ್ಯಾಲೊರಿಯ ಪಲ್ಯದಲ್ಲಿ ಹುರುಳಿಕಾಯಿಯ ಪಾಲು ಬರೀ 60. ಬೆಳಿಗ್ಗೆ ಕಾಫಿಗೆ ಎರಡು ದೊಡ್ಡ ಚಮಚ ತುಪ್ಪ ಹಾಕಿಕೊಳ್ಳುತ್ತಿದ್ದೆ, ಗುಂಪಿನಲ್ಲೇ ಹೇಳಿಕೊಟ್ಟದ್ದು. ಅದು 240. ‘ಕೊಬ್ಬು ತಿಂದರೆ ಕೊಬ್ಬು ಕರಗುತ್ತದೆ’ ಅಂತ ಅಲ್ಲಿ ದಿನಾ ಬರೆಯುತ್ತಿದ್ದರು. ದೇಹ ಕೀಟೋಸಿಸ್‌ಗೆ ಹೋಗಿ ಕೊಬ್ಬನ್ನೇ ಉರಿಸುತ್ತಿದ್ದರೂ ಮೊದಲು ಉರಿಯುವುದು ಈಗಷ್ಟೇ ಕುಡಿದ ತುಪ್ಪ. ಸೊಂಟದ ಕೊಬ್ಬಿನ ಸರದಿ ಬರಬೇಕಾದರೆ ಬಾಯಿಂದ ಹೋಗುವ ಕೊಬ್ಬು ಕಡಿಮೆಯಾಗಬೇಕು. ಇಷ್ಟು ಸರಳ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳದೇ, ಸೊಪ್ಪಿನ ಮೇಲೆ ತಪ್ಪು ಹೊರಿಸಿದರು. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ತರಕಾರಿ ಬೇಡ ಅನ್ನುವವರು ಒಂದು ಉದಾಹರಣೆ ಕೊಡುತ್ತಾರೆ. ಧ್ರುವ ಪ್ರದೇಶದ ಇನ್ಯೂಟ್ ಜನ ಬರೀ ಮಾಂಸ, ಮೀನು ತಿಂದು ಬದುಕಿದರು ಅಂತ. ಅವರ ಜೊತೆ ಇದ್ದು ಬಂದ ವಿಲ್ಯಾಲ್ಮುರ್ ಸ್ಟೀಫಾನ್‌ಸನ್ ಅನ್ನುವ ಅನ್ವೇಷಕ ಮತ್ತು ಅವರ ಗೆಳೆಯರೊಬ್ಬರು 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ವರ್ಷ ಬರೀ ಮಾಂಸ ತಿಂದದ್ದು ನಿಜ. ಇಬ್ಬರೂ ಚೆನ್ನಾಗಿಯೇ ಇದ್ದರು, ಅದೂ ನಿಜ. ಆದರೆ ಆ ವರದಿಯಲ್ಲೇ ಇರುವ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಮೊದಲ ವಾರ ಅವರ ತೂಕ ಸ್ವಲ್ಪ ಇಳಿಯಿತು, ಅದು ನೀರಿನ ತೂಕ. ಆಮೇಲೆ ಹೆಚ್ಚುಕಡಿಮೆ ಹಾಗೇ ನಿಂತಿತು. ನನ್ನ 1.8 ಕೆಜಿ ಕಥೆಯೂ ಅದೇ ಅಲ್ವಾ? ಇನ್ಯೂಟ್ ಜನ ಹಸಿ ಲಿವರ್, ತಿಮಿಂಗಿಲದ ಚರ್ಮ ಎಲ್ಲ ತಿನ್ನುತ್ತಿದ್ದರು, ವಿಟಮಿನ್ ಸಿ ಅಲ್ಲಿಂದ ಸಿಗುತ್ತಿತ್ತು. ಪನೀರ್ ಮತ್ತು ಚೀಸ್‌ನಲ್ಲಿ ಅದು ಇಲ್ಲ. ನಮ್ಮಲ್ಲಿ ಸಸ್ಯಾಹಾರಿಗಳೂ ಈ ಚಾರ್ಟ್ ಹಿಡಿದು ತರಕಾರಿ ಬಿಡುತ್ತಿದ್ದಾರೆ. ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆಯೂ ಇಲ್ಲ, ಸೊಪ್ಪೂ ಇಲ್ಲ ಅಂದರೆ ತಟ್ಟೆಯಲ್ಲಿ ಉಳಿಯುವುದೇನು? ಪಕ್ಕದ ಮನೆಯವರು ಹೀಗೆ ಮಾಡಲು ಹೊರಟಾಗ ಗೇಟಿನ ಹತ್ತಿರ ನಿಲ್ಲಿಸಿ ಅರ್ಧ ಗಂಟೆ ಮಾತಾಡಿದ್ದೇನೆ.

ಲೋ ಕಾರ್ಬ್ ಊಟವನ್ನು ಮೊದಲು ಜನಪ್ರಿಯ ಮಾಡಿದವರೇ ತರಕಾರಿ ಬಿಡಿ ಅಂದಿರಲಿಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬರಿದ್ದರು, ಶವಸಂಸ್ಕಾರದ ವ್ಯವಸ್ಥೆ ಮಾಡಿಸುವ ವೃತ್ತಿ. 91 ಕೆಜಿಗೂ ಮೀರಿದ್ದ ಅವರು ವೈದ್ಯರ ಮಾತು ಕೇಳಿ ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ಸುಮಾರು ಒಂದು ವರ್ಷದಲ್ಲಿ 20 ಕೆಜಿ ಇಳಿದರು. 1863ರಲ್ಲಿ ಅದನ್ನೇ ಒಂದು ಕಿರುಪುಸ್ತಕ ಮಾಡಿ ಹಂಚಿದರು. ಅದರಲ್ಲಿ ಅವರು ಬರೆದಿರುವುದು, ಆಲೂಗಡ್ಡೆ ಬಿಟ್ಟು ಬೇರೆ ತರಕಾರಿ ತಿನ್ನುತ್ತಿದ್ದೆ ಅಂತ.

ಹೊಸ ಕಾಲದ್ದೂ ಒಂದು ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪಿಗೆ ಕಾರ್ಬ್ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ. 2018ರಲ್ಲಿ ಫಲಿತಾಂಶ ಬಂತು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆಜಿ, ಕೊಬ್ಬು ಕಡಿಮೆ ಮಾಡಿದವರು 5.3 ಕೆಜಿ ಇಳಿದಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎರಡೂ ಗುಂಪಿಗೆ ಒಂದು ಮಾತು ಮಾತ್ರ ಸಮಾನವಾಗಿ ಹೇಳಿದ್ದರು: ಸಕ್ಕರೆ, ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ.

ತರಕಾರಿ ಅಂದರೆ ಎಲ್ಲವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಪಿಷ್ಟದ ಗಡ್ಡೆಗಳು. ಲೋ ಕಾರ್ಬ್ ಮಾಡುವವರು ಅವನ್ನು ಅನ್ನದ ಲೆಕ್ಕಕ್ಕೇ ಸೇರಿಸಬೇಕು. ಬಟಾಣಿಯೂ ಜಾಸ್ತಿಯೇ. ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿ ನಡುವಿನವು, ಹಿತಮಿತವಾಗಿದ್ದರೆ ತೊಂದರೆ ಇಲ್ಲ. ಇನ್ನು ಕೆಲವರಿಗೆ ತರಕಾರಿ ಬಿಟ್ಟಾಗ ಹೊಟ್ಟೆ ಹಗುರ ಅನ್ನಿಸುವುದೂ ಸುಳ್ಳಲ್ಲ. ಕರುಳು ಸೂಕ್ಷ್ಮ ಇದ್ದವರಿಗೆ ಈರುಳ್ಳಿ, ಬೆಳ್ಳುಳ್ಳಿ, ಕೋಸು ಗ್ಯಾಸ್ ಮಾಡುತ್ತವೆ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆದವರಿಗೆ ಪಾಲಕ್ ಕಡಿಮೆ ಮಾಡಿ ಅಂತ ಡಾಕ್ಟರೇ ಹೇಳುತ್ತಾರೆ. ಅಂಥವರು ಆ ಒಂದೆರಡು ತರಕಾರಿ ಬಿಟ್ಟು ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ ತಿನ್ನಬಹುದು. ಎಲ್ಲವನ್ನೂ ಬಿಡಬೇಕಾಗಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಕಾರ್ಬ್ ಇಳಿಸಬೇಡಿ. ಔಷಧಿ ಅಷ್ಟೇ ಇದ್ದು ಊಟ ಬದಲಾದರೆ ಸಕ್ಕರೆ ದಿಢೀರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಮಾತ್ರೆ ಇದ್ದರೆ ಕಟ್ಟುನಿಟ್ಟಿನ ಕೀಟೋದಲ್ಲಿ ರಕ್ತ ಆಮ್ಲವಾಗುವ ಅಪಾಯ ಇದೆ. ಅದು ಆಸ್ಪತ್ರೆಗೆ ಸೇರಿಸಬೇಕಾದ ಪರಿಸ್ಥಿತಿ. ವಾಟ್ಸಾಪ್ ಚಾರ್ಟುಗಳಲ್ಲಿ ಈ ಎಚ್ಚರಿಕೆ ನಾನು ಒಂದು ಸಲವೂ ನೋಡಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಿ, ಅದರಲ್ಲಿ 100 ಗ್ರಾಂ ಸೊಪ್ಪಿರಲಿ ಅನ್ನುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಅರ್ಧವೂ ಆಗುವುದಿಲ್ಲ. ಅನ್ನದ ಗುಡ್ಡದ ಪಕ್ಕ ಎರಡು ಚಮಚ ಪಲ್ಯ. ಆ ಎರಡು ಚಮಚವನ್ನೂ ಕಿತ್ತುಕೊಳ್ಳಲು ಹೊರಟವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಾನು ಆಮೇಲೆ ಮಾಡಿದ್ದು ಇಷ್ಟು. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿದೆ, ಪಲ್ಯಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚ. ತುಪ್ಪದ ಕಾಫಿ ನಿಲ್ಲಿಸಿದೆ. ಕಡಲೆಬೀಜ ಒಂದು ಹಿಡಿ, ಅದೂ ತೂಗಿ. ಪಲ್ಯವನ್ನು ಎರಡು ಪಟ್ಟು ಮಾಡಿದೆ. ರಾತ್ರಿ ಒಂದು ಮೊಟ್ಟೆ ಜಾಸ್ತಿ ಮಾಡಿದೆ. ಬೆಳಿಗ್ಗೆ 40 ನಿಮಿಷ ನಡಿಗೆ. ಆರು ತಿಂಗಳಲ್ಲಿ 71 ಇದ್ದದ್ದು 67 ಆಯಿತು. ನಿಧಾನ ಅನ್ನಿಸಬಹುದು. ಆದರೆ ಟೇಪು 34 ಇಂಚು ತೋರಿಸಿತು, ಸಕ್ಕರೆ 5.6ಕ್ಕೆ ಇಳಿಯಿತು.

ಅಣ್ಣನ ಮಗಳಿಗೆ ಫೋನಿನಲ್ಲಿ ಮೊದಲು ಕೇಳಿದ್ದು, ನಿಮ್ಮ ರೂಮಿನಲ್ಲಿ ಒಂದು ಲೀಟರ್ ಎಣ್ಣೆ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ. ಇಬ್ಬರು ಹುಡುಗಿಯರು, ಹನ್ನೆರಡು ದಿನಕ್ಕೆ. ಲೆಕ್ಕ ಅವಳೇ ಹಾಕಿದಳು, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಈ ಭಾನುವಾರ ಮೈಸೂರಿಗೆ ಬರುತ್ತಾಳೆ. ಕಾಳು ಒಂದೇ ಹಿಡಿ, ಬೆರಕೆ ಸೊಪ್ಪು ನಾಲ್ಕು ಕಟ್ಟು ಹಾಕಿ ಬಸ್ಸಾರು ಮಾಡುವುದನ್ನು ತೋರಿಸಿಕೊಡಬೇಕು. ಅವ್ವನಿಗೂ ಬರಲು ಹೇಳಿದ್ದೇನೆ. ಸೊಪ್ಪು ಅವರೇ ಹೊಲದಿಂದ ಕುಯ್ದು ತರುತ್ತಾರಂತೆ.