ಫೋನು 94, ರಿಮೋಟು ಒಂದೇ ದೀಪ

ಡ್ರೋನು ಮೇಲೆ ನಿಂತಿದೆ. ಅದರ ಬ್ಯಾಟರಿ 58. ಚಿಂತೆಯಿಲ್ಲ. ರಿಮೋಟಿನ ಹಿಡಿಕೆಯಲ್ಲಿ ಸಿಕ್ಕಿಸಿಕೊಂಡ ಫೋನಿನ ಬ್ಯಾಟರಿ 94. ಬಹಳ ಸಂತೋಷ. ಇವೆರಡರ ನಡುವೆ ಕೈಯಲ್ಲಿರುವ ರಿಮೋಟು ಮಾತ್ರ ಬೀಪ್, ಬೀಪ್ ಅಂತ ಒಂದೇ ಸಮನೆ ಅಳುತ್ತಿದೆ. ನಾಲ್ಕು ದೀಪಗಳಲ್ಲಿ ಮೂರು ಆರಿವೆ, ಉಳಿದದ್ದು ಕಣ್ಣು ಮಿಟುಕಿಸುತ್ತಿದೆ. ಹಾಗಿದ್ದೂ ಅದು ಫೋನಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸಿಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಇಲ್ಲಿ ಜುಟ್ಟು ಬೇರೆಯವರದು ಅನ್ನುವುದೊಂದೇ ವ್ಯತ್ಯಾಸ.

ಆಗ ಯಾರಿಗಾದರೂ ಮೊದಲು ಹೊಳೆಯುವುದು ಒಂದೇ: ಕೇಬಲ್ ಕೀಳೋಣ. ಕಿತ್ತರೆ ಡ್ರೋನಿನ ಕ್ಯಾಮೆರಾದಿಂದ ಫೋನಿಗೆ ಬರುವ ಚಿತ್ರವೂ ಹೋಯಿತು. ಚಾರ್ಜ್ ಹೋಗುವುದೂ ಚಿತ್ರ ಬರುವುದೂ ಒಂದೇ ಗೇಣುದ್ದದ ಕೇಬಲ್‌ನಲ್ಲಿ. ಸಿಕ್ಕಿಸಿದರೆ ಫೋನು ಮತ್ತೆ ತಿನ್ನಲು ಕೂರುತ್ತದೆ. ಕೀಳು, ಸಿಕ್ಕಿಸು, ಕೀಳು. ಪ್ರತಿ ಸಲ ಸಿಕ್ಕಿಸಿದಾಗಲೂ ಫೋನು ಮುಗ್ಧವಾಗಿ ಕೇಳುತ್ತದೆ: 'ಈ ಸಾಧನದ ಜೊತೆ ಯಾವ ಆಪ್ ತೆರೆಯಲಿ?' ಗಂಟೆಗಟ್ಟಲೆ ಅದರ ತೊಡೆಯ ಮೇಲೆ ಕೂತು ಉಂಡಿದೆ, ಈಗ ಪರಿಚಯ ಕೇಳುತ್ತಿದೆ. 'ಯಾವಾಗಲೂ' ಎಂದು ಒತ್ತಬೇಕು. ಬೆರಳು ನಡುಗಿ 'ಈ ಸಲ ಮಾತ್ರ' ಎಂದು ಒತ್ತಿರುತ್ತೇವೆ. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ಆಪ್ ತೆರೆದು, ಲೋಗೋ ತೋರಿಸಿ, ಚಿತ್ರ ಬರುವಷ್ಟರಲ್ಲಿ ರಿಮೋಟು ಇನ್ನೂ ಹತ್ತು ಸಲ ಅತ್ತಿರುತ್ತದೆ. ಫೋನಿನ ಮೂಲೆಯಲ್ಲಿ 94ರ ಪಕ್ಕ ಮಿಂಚಿನ ಪುಟ್ಟ ಗುರುತು. ಆ ಮಿಂಚು ನೋಡಿದಾಗ ಬರುವ ಸಿಟ್ಟಿದೆಯಲ್ಲ, ಅದರಿಂದಲೇ ಒಂದು ಡ್ರೋನು ಹಾರಿಸಬಹುದು.

ಈ ಧರ್ಮಛತ್ರದ ವ್ಯವಸ್ಥೆಗೆ ಕಾರಣ ಹಳೆಯದು. 2011ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಹೊರಗಿನ ಯಂತ್ರಗಳನ್ನು ಜೋಡಿಸಲು 'ಓಪನ್ ಆಕ್ಸೆಸರಿ' ಎಂಬ ಪದ್ಧತಿ ಬಂತು. ಯುಎಸ್‌ಬಿಯಲ್ಲಿ ಒಬ್ಬರು ಯಜಮಾನರಾಗಬೇಕು, ವಿದ್ಯುತ್ತನ್ನೂ ಅವರೇ ಕೊಡಬೇಕು. ಆಗಿನ ಬಹಳಷ್ಟು ಫೋನುಗಳಿಗೆ ಯಜಮಾನಿಕೆ ಬರುತ್ತಿರಲಿಲ್ಲ. ಹಾಗಾಗಿ ಜೋಡಿಸುವ ಯಂತ್ರವೇ ಯಜಮಾನ ಎಂದಾಯಿತು. ಫೋನಿನ ಚಾರ್ಜಿಗೆ 5 ವೋಲ್ಟ್‌ನಲ್ಲಿ 500 ಮಿಲಿಆಂಪ್ ಕೊಡಬೇಕು ಎಂದೂ ಬರೆದರು. ಅಂದರೆ 2.5 ವಾಟ್. ಹಲವು ಡ್ರೋನ್ ರಿಮೋಟುಗಳು ಇದೇ ದಾರಿ ಹಿಡಿದವು. ಯಜಮಾನ ಎಂಬುದು ಹೆಸರಿಗಷ್ಟೇ, ಅಡುಗೆಮನೆಯ ಕೆಲಸವೆಲ್ಲ ಅವನದೇ.

ಲೆಕ್ಕ ಹಾಕಿದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಡ್ರೋನ್ ಕಂಪನಿ ಡಿಜೆಐಯ ಆರ್‌ಸಿ-ಎನ್1 ರಿಮೋಟಿನದು 5200 ಎಂಎಎಚ್ (ಮಿಲಿಆಂಪ್-ಗಂಟೆ), 3.6 ವೋಲ್ಟ್ ಬ್ಯಾಟರಿ. ಫೋನಿಗೆ ಚಾರ್ಜ್ ಕೊಡದಿದ್ದರೆ 6 ಗಂಟೆ, ಕೊಟ್ಟರೆ 4 ಗಂಟೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಮೂರರಲ್ಲಿ ಒಂದು ಪಾಲು ನೆಂಟನ ಬಾಯಿಗೆ. 5200ನ್ನು 3.6ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 18.7 ವಾಟ್‌ಗಂಟೆ. ಈಗಿನ 5000 ಎಂಎಎಚ್ ಫೋನಿನ ಬ್ಯಾಟರಿ 3.85 ವೋಲ್ಟ್‌ನದಾದರೆ ಅದರ ಹೊಟ್ಟೆ 19 ವಾಟ್‌ಗಂಟೆ ದಾಟುತ್ತದೆ. ಎಂಎಎಚ್ ಮಾತ್ರ ನೋಡಿ 'ರಿಮೋಟೇ ದೊಡ್ಡದು' ಅಂದುಕೊಂಡವರಿಗೆ ಇದು ಕಾಣುವುದಿಲ್ಲ. ಸಾಲದ್ದಕ್ಕೆ 3.6ನ್ನು 5 ವೋಲ್ಟ್‌ಗೆ ಏರಿಸುವಾಗ ಒಂದಿಷ್ಟು ಸೋರಿಕೆ, ಫೋನು ಅದನ್ನು ಮತ್ತೆ ಇಳಿಸಿ ತುಂಬಿಕೊಳ್ಳುವಾಗ ಮತ್ತೊಂದಿಷ್ಟು. ಸೋರಿದ್ದೆಲ್ಲ ಶಾಖವಾಗಿ ನಮ್ಮ ಅಂಗೈಗೆ.

ಇಷ್ಟು ಕೊಟ್ಟರೂ ಹಾರಾಟದ ಹೊತ್ತಿಗೆ ಫೋನಿಗೆ ಸಾಲುವುದಿಲ್ಲ. ಬಿಸಿಲಲ್ಲಿ ಪರದೆ ಪೂರ್ತಿ ಬೆಳಗಬೇಕು, ಬಂದ ವಿಡಿಯೋ ಬಿಚ್ಚಿ ತೋರಿಸಬೇಕು, ಜಿಪಿಎಸ್ ಓಡಬೇಕು, ಸಿಗ್ನಲ್ ಇಲ್ಲದ ಬಯಲಲ್ಲಿ ಟವರ್ ಹುಡುಕುತ್ತಲೇ ಇರಬೇಕು. ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತಲೇ ಶೇಕಡಾವಾರು ಇಳಿಯುತ್ತದೆ. ಹಾಗಾದರೆ ಆ 94 ಎಲ್ಲಿಂದ ಬಂತು? ಹಾರಾಟಗಳ ನಡುವಿನ ಬಿಡುವಿನಿಂದ. ಡ್ರೋನಿನ ಬ್ಯಾಟರಿ ಬದಲಿಸುತ್ತಾ, ರೆಕ್ಕೆ ಒರೆಸುತ್ತಾ, ಜಾಗ ಹುಡುಕುತ್ತಾ ಅರ್ಧ ಗಂಟೆ ಕಳೆದಿರುತ್ತೇವೆ. ಅಷ್ಟೂ ಹೊತ್ತು ರಿಮೋಟು ಆನ್ ಇರುತ್ತದೆ. ಪರದೆ ಆರಿಸಿಕೊಂಡ ಫೋನು ಸದ್ದಿಲ್ಲದೆ ಮೇಯುತ್ತಿರುತ್ತದೆ. ಇಳಿಸಿದ ಕೂಡಲೇ ಮೊದಲು ಡ್ರೋನು, ಆಮೇಲೆ ರಿಮೋಟು ಆಫ್ ಮಾಡುವ ಅಭ್ಯಾಸ ಒಂದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನರ್ಧಕ್ಕೆ ಆಪ್‌ನಲ್ಲೇ ಮದ್ದಿದೆ. ಕೆಲವು ಆಪ್‌ಗಳ ಕಂಟ್ರೋಲ್ ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಚಾರ್ಜಿಂಗ್' ಎಂಬ ಗುಂಡಿ ಇರುತ್ತದೆ. ಅದನ್ನು ನೆಲದ ಮೇಲಿದ್ದಾಗಲೇ ಹುಡುಕಿ ಆಫ್ ಮಾಡಬೇಕು, ಬೀಪ್ ಶುರುವಾದ ಮೇಲಲ್ಲ. ಆ ಗುಂಡಿ ಇಲ್ಲದವರಲ್ಲಿ ಕೆಲವರು ಕೇಬಲ್ ಸೀಳಿ ಒಳಗಿನ ಕೆಂಪು ತಂತಿ ಕತ್ತರಿಸುತ್ತಾರೆ. ಕೆಂಪು ವಿದ್ಯುತ್ತಿನದು, ಬಿಳಿ ಹಸಿರು ಡೇಟಾದ್ದು, ಲೆಕ್ಕ ಸರಿಯಾಗಿದೆ. ಆದರೆ ಆ 5 ವೋಲ್ಟ್ ಬಂದದ್ದನ್ನು ನೋಡಿಯೇ ಬಹುತೇಕ ಫೋನುಗಳು 'ಯಾರೋ ಬಂದರು' ಎಂದು ತಿಳಿಯುವುದು. ಕೆಂಪು ಹೋದರೆ ಬಾಗಿಲೇ ತೆರೆಯುವುದಿಲ್ಲ. ಇದಕ್ಕೆ ತದ್ವಿರುದ್ಧ ಚೀಲದಲ್ಲಿ ಸಿಗುವ ಯಾವುದೋ ಅಗ್ಗದ ಚಾರ್ಜಿಂಗ್ ಕೇಬಲ್. ಅದರೊಳಗೆ ಡೇಟಾ ತಂತಿಯೇ ಇರುವುದಿಲ್ಲ. ಚಿತ್ರ ಇಲ್ಲ, ಊಟ ಮಾತ್ರ.

ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲ್ಲಿನ ಕಥೆ ಬೇರೆ. ಅವಸರದಲ್ಲಿ ಅದನ್ನು ರಿಮೋಟಿನ ಚಾರ್ಜಿಂಗ್ ತೂತಿಗೆ ಚುಚ್ಚಿದರೆ ಕೆಲವು ಫೋನುಗಳು ರಿಮೋಟಿಗೇ ಚಾರ್ಜ್ ಕೊಡಲು ಹೊರಡುತ್ತವೆ. ಜನ್ಮದಲ್ಲಿ ಒಮ್ಮೆ ಔದಾರ್ಯ ತೋರಿಸಿತು ಎಂದು ಖುಷಿಪಡಬೇಡಿ, ಆ ತೂತಿನಿಂದ ಸಾಮಾನ್ಯವಾಗಿ ಚಿತ್ರ ಬರುವುದಿಲ್ಲ.

ಇಬ್ಬರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳಬಹುದು ಎಂದಾದರೆ ರಿಮೋಟನ್ನೇ ಉಳಿಸಿಕೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಫೋನು ಸತ್ತರೆ ಚಿತ್ರ ಹೋಗುತ್ತದೆ, ಹಿಡಿತ ಹೋಗುವುದಿಲ್ಲ. ರಿಮೋಟಿನಲ್ಲಿ ಡ್ರೋನು ಓಡಿಸುವ ಕಡ್ಡಿಗಳು ಕೆಲಸ ಮಾಡುತ್ತವೆ, ರಿಮೋಟಿನ ಮೇಲೆ 'ಮನೆಗೆ ಬಾ' ಗುಂಡಿ ಇದ್ದರೆ ಅದೂ ಕೆಲಸ ಮಾಡುತ್ತದೆ. ರಿಮೋಟು ಸತ್ತರೆ ಡ್ರೋನು ಕೆಲವು ಕ್ಷಣ ಕಾದು, ಮೊದಲೇ ಹೇಳಿಟ್ಟಿದ್ದನ್ನು ಮಾಡುತ್ತದೆ: ವಾಪಸು ಬರುವುದು, ನಿಂತಲ್ಲೇ ನಿಲ್ಲುವುದು ಅಥವಾ ಇದ್ದಲ್ಲೇ ಇಳಿಯುವುದು. ವಾಪಸಾಗುವ ಎತ್ತರವನ್ನು ಸುತ್ತಲಿನ ಮರಗಳಿಗಿಂತ ಮೇಲೆ ಇಡದವರಿಗೆ ಡ್ರೋನು ಸಿಗುವುದು ಮರದಲ್ಲಿ. ಕೆಳಗೆ ನೀರಿದ್ದು 'ಇದ್ದಲ್ಲೇ ಇಳಿ' ಎಂದು ಇಟ್ಟಿದ್ದರೆ ಹೇಳುವುದೇ ಬೇಡ.

ರಿಮೋಟಿನ ಆ ನಾಲ್ಕು ದೀಪಗಳ ಬಗ್ಗೆಯೂ ಒಂದು ಮಾತು. ಒಂದೊಂದಕ್ಕೆ ಸುಮಾರು 25 ಶೇಕಡಾ. 'ಎರಡು ದೀಪ ಇದೆ' ಅಂದರೆ 50 ಇರಬಹುದು, 26 ಕೂಡ ಇರಬಹುದು. ಫೋನು 94, 93 ಎಂದು ಬಿಡಿಬಿಡಿಯಾಗಿ ಒಪ್ಪಿಸುವಾಗ, ಡ್ರೋನಿನ ಜೀವ ಕೈಯಲ್ಲಿ ಹಿಡಿದವನು ಮಾತ್ರ ಸಂತೆಯ ಅಂದಾಜು ಹೇಳುತ್ತಾನೆ. ಮೂರಕ್ಕಿಂತ ಕಡಿಮೆ ದೀಪವಿದ್ದರೆ ಹಾರಿಸದಿರುವುದೇ ವಾಸಿ. ಪವರ್ ಬ್ಯಾಂಕ್ ಒಯ್ದಿದ್ದರೆ ಬಿಡುವಿನಲ್ಲಿ ಅದನ್ನು ರಿಮೋಟಿಗೇ ಹಾಕಿ, ಫೋನಿಗಲ್ಲ.

ಫೋನು ಕೈಕೊಡುವ ದಿನಗಳೂ ಇವೆ. ಬಿಸಿಲಲ್ಲಿ ಚಾರ್ಜೂ ಆಗುತ್ತಾ ವಿಡಿಯೋ ತೋರಿಸುತ್ತಾ ಮೈ ಕಾದು, ತಾನಾಗಿ ಪರದೆ ಮಂಕಾಗಿಸಿಕೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ ಹಳೆಯ ಬ್ಯಾಟರಿಯ ವೋಲ್ಟೇಜು ಕುಸಿದು 20ರಲ್ಲಿದ್ದದ್ದು ದಿಢೀರನೆ ಕಪ್ಪಾಗುತ್ತದೆ. ಕಪ್ಪಾದಾಗ ಬೇರೆ ದಾರಿಯಿಲ್ಲದೆ ತಲೆ ಎತ್ತಬೇಕು. ಮೇಲೆ, ಇಳಿಹೊತ್ತಿನ ಬೆಳಕಿನಲ್ಲಿ, ಒಂದು ಚುಕ್ಕೆ ಗುಂಯ್‌ಗುಡುತ್ತಾ ನಿಂತಿರುತ್ತದೆ. ಇಷ್ಟು ಹೊತ್ತು ಅದರ ಕಣ್ಣಿನಿಂದ ಎಲ್ಲವನ್ನೂ ನೋಡಿದೆವು, ಅದನ್ನೊಂದನ್ನು ಬಿಟ್ಟು. ಪಕ್ಕದಲ್ಲಿ ಹಕ್ಕಿಗಳು ಗೂಡಿಗೆ ಹೊರಟಿರುತ್ತವೆ. ಆಕಾಶಕ್ಕೆ ಅಂಥದ್ದೊಂದು ಬಣ್ಣ ಬಂದಿರುವುದು ಆಗಲೇ ಗೊತ್ತಾಗುವುದು.

ಬೀಪ್.

ಸರಿ, ಇಳಿಸಿ. ಕಡ್ಡಿ ನಿಧಾನ ಕೆಳಗೆಳೆದು, ಫ್ಯಾನು ನಿಂತ ಮೇಲೆ ಡ್ರೋನು ಆಫ್, ಆಮೇಲೆ ರಿಮೋಟು. ಮನೆಗೆ ಬಂದು, ಪಾಪ ದುಡಿದು ದಣಿದಿದೆ ಎಂದು ರಿಮೋಟನ್ನು ಚಾರ್ಜಿಗೆ ಹಾಕಲು ಹೋದರೆ ಚಾರ್ಜರ್ ಖಾಲಿ ಇಲ್ಲ. ಕೇಬಲ್ಲಿನ ತುದಿಯಲ್ಲಿ ಫೋನು ಒರಗಿದೆ. 91 ಇತ್ತಂತೆ, ನೂರಾಗಲಿ ಅಂತ ಯಾರೋ ಹಾಕಿದ್ದಾರೆ.