ಈ ಸಲ ಬೆಟ್ಟ ಹತ್ತದಿದ್ದರೂ ಪರವಾಗಿಲ್ಲ
ಸಹಾಯಾರ್ಥ ಸೈಕಲ್ ಸವಾರಿಗೆ ಹತ್ತು ದಿನ ಇರುವಾಗ ಮೊಣಕಾಲಿಗೆ ಪೆಟ್ಟಾದರೂ ಧೈರ್ಯಗೆಡದ ನಿಮ್ಮ ಬರಹ ಓದಿ ತುಂಬಾ ಖುಷಿಯಾಯಿತು ಮೇಡಂ. ಹೋದ ವರ್ಷ ನನಗೂ ಹೀಗೇ ಆಗಿತ್ತು. ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ನಂದಿ ಬೆಟ್ಟಕ್ಕೆ ಹೊರಡಬೇಕಿತ್ತು. ವಾರ ಮೊದಲು ಹೆಬ್ಬಾಳದ ಹತ್ತಿರ ಒದ್ದೆ ರಸ್ತೆಯಲ್ಲಿ ಜಾರಿ ಕಾಲು ಉಳುಕಿತು. ಎಷ್ಟು ಊದಿತ್ತೆಂದರೆ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಅಳುವೇ ಬಂತು. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗುತ್ತಿದ್ದೆ. ಅಮ್ಮ ಎಣ್ಣೆ ಹಚ್ಚಿ ನೀವಲು ಬಂದರು, ಬೇಡ ಎಂದೆ. ಹೊಸ ಉಳುಕನ್ನು ತಿಕ್ಕಿದರೆ ಊತ ಜಾಸ್ತಿ ಆಗಬಹುದು. ಕೊನೆಗೆ ಬೆಟ್ಟ ಹತ್ತಲಿಲ್ಲ. ಆ ಕಾಲಲ್ಲಿ ಅಂಥ ಏರು, ಸುಮ್ನೆ ಹಟ ಯಾಕೆ ಅಲ್ವಾ? ದೇವನಹಳ್ಳಿಯಲ್ಲಿ ನಿಂತು ಬಂದವರಿಗೆಲ್ಲ ನೀರು, ಬಾಳೆಹಣ್ಣು ಕೊಟ್ಟೆ. ಹಣ ಕೊಟ್ಟವರು ಯಾರೂ ವಾಪಸ್ ಕೇಳಲಿಲ್ಲ. ನೀವೂ ಡಾಕ್ಟರ್ ಹೂಂ ಅಂದ ಮೇಲೆಯೇ ಪೆಡಲ್ ತುಳಿಯಿರಿ.